ಬಂದೂಕು ಕೆಳಗಿಟ್ಟು ಬೆಂಚಿಗೆ ಬಂದವರು

ಮೊನ್ನೆ ಆಫೀಸಿನಲ್ಲಿ ಒಂದು ಕಾನ್ಫರೆನ್ಸ್ ಕಾಲ್. ಎಲ್ಲರೂ ಸೇರೋಕೆ ಇನ್ನೂ ಐದು ನಿಮಿಷ ಇತ್ತು. ಆ ಕಡೆ ಅಮೆರಿಕದಲ್ಲಿ ಕೂತಿದ್ದ ಸಹೋದ್ಯೋಗಿ, ಈ ಕಡೆ ನಾನು, ಇಬ್ಬರೇ. ಅಲ್ಲಿಯ ಚಳಿ, ಇಲ್ಲಿಯ ಟ್ರಾಫಿಕ್ಕು ಎರಡೂ ಮುಗಿದ ಮೇಲೆ ಮಾತು ಓದಿನ ಕಡೆ ಹೊರಳಿತು. ನಾನು ಎಜುಕೇಶನ್ ಲೋನಿನ ಕಂತು ತೀರಿಸಿ ಇನ್ನೂ ಒಂದು ವರ್ಷ ಆಗಿಲ್ಲ ಅಂದೆ. ಅವರು ನಕ್ಕು, "ನನಗೆ ಆ ತಲೆನೋವು ಬರಲಿಲ್ಲ, ನನ್ನ ಡಿಗ್ರಿಯ ಖರ್ಚೆಲ್ಲ ಜಿಐ ಬಿಲ್ ನೋಡ್ಕೊಂಡಿತು" ಅಂದರು. ನಾಲ್ಕು ವರ್ಷ ಸೈನ್ಯದಲ್ಲಿದ್ದು, ಅದನ್ನು ಬಿಟ್ಟು, ಹದಿನೆಂಟರ ಹುಡುಗರ ಜೊತೆ ಫಸ್ಟ್ ಇಯರಿಗೆ ಸೇರಿದವರಂತೆ.

ಕರೆಂಟ್ ಬಿಲ್ ಗೊತ್ತು, ಹೋಟೆಲ್ ಬಿಲ್ ಗೊತ್ತು. ನಮಗೆ ಗೊತ್ತಿರೋ ಬಿಲ್ಲುಗಳೆಲ್ಲ ದುಡ್ಡು ಕೀಳೋವೇ. ಓದೋಕೆ ದುಡ್ಡು ಕೊಡೋ ಬಿಲ್ಲು ಇದ್ಯಾವುದಪ್ಪ ಅಂತ ಅವತ್ತು ರಾತ್ರಿ ಹುಡುಕೋಕೆ ಕೂತೆ. ಇಲ್ಲಿ ಬಿಲ್ ಅಂದರೆ ಮಸೂದೆ. ಜಿಐ ಅನ್ನೋದು ಅಮೆರಿಕದ ಸಾಮಾನ್ಯ ಸೈನಿಕನಿಗೆ ಆಡುಮಾತಿನಲ್ಲಿ ಬಂದ ಹೆಸರು. 1944ರ ಜೂನ್ 22ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹಿ ಹಾಕಿದ, ಯುದ್ಧ ಮುಗಿಸಿ ಬರುವ ಸೈನಿಕರನ್ನು ಮತ್ತೆ ನಾಗರಿಕ ಬದುಕಿಗೆ ಹೊಂದಿಸೋ ಕಾನೂನು ಇದು. ಒಂದೆರಡು ಪುಟ ಓದಿ ಮಲಗೋಣ ಅಂದುಕೊಂಡಿದ್ದವನು ಎರಡು ವಾರ ಇದರ ಹಿಂದೆಯೇ ಬಿದ್ದೆ. ಓದಿದ್ದನ್ನು ನಿಮಗೂ ಹೇಳೋಣ ಅಂತ ಈ ಬರಹ. ಸ್ವಲ್ಪ ಉದ್ದ ಇದೆ, ಕಾಫಿ ಜೊತೆಗಿಟ್ಟುಕೊಂಡು ಓದಿ :-)

ಶುರುವಿನಲ್ಲಿ ನಾನು ಅಂದುಕೊಂಡಿದ್ದು, ದೇಶ ತನ್ನ ಸೈನಿಕರಿಗೆ ಕೃತಜ್ಞತೆಯಿಂದ ಕೊಟ್ಟ ಕಾಣಿಕೆ ಇದು ಅಂತ. ಕೃತಜ್ಞತೆ ಇರಲಿಲ್ಲ ಅಂತಲ್ಲ. ಆದರೆ ಅದಕ್ಕಿಂತ ದೊಡ್ಡದಾಗಿ ಇದ್ದದ್ದು ಹೆದರಿಕೆ.

ಆ ಹೆದರಿಕೆ ಅರ್ಥ ಆಗಬೇಕಾದರೆ ಹಿಂದಿನ ಯುದ್ಧಕ್ಕೆ ಹೋಗಬೇಕು. ಮೊದಲ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕನಿಗೆ ಸಿಕ್ಕಿದ್ದು 60 ಡಾಲರ್ ಮತ್ತು ಊರಿಗೆ ಹೋಗೋಕೆ ರೈಲಿನ ಟಿಕೆಟ್ಟು. ಅವನು ಕಂದಕದಲ್ಲಿ ಕೂತಿದ್ದಾಗ ಊರಲ್ಲಿ ಕಾರ್ಖಾನೆಗೆ ಹೋದವರು ಒಳ್ಳೆಯ ಸಂಬಳ ಎಣಿಸಿದ್ದರು. ಈ ವ್ಯತ್ಯಾಸ ತುಂಬಿಕೊಡಿ ಅಂತ ಸೈನಿಕರು ಕೇಳಿದರು. 1924ರಲ್ಲಿ ಕಾಂಗ್ರೆಸ್ಸು, ಅಂದರೆ ಅಲ್ಲಿಯ ಸಂಸತ್ತು, ಅಧ್ಯಕ್ಷ ಕೂಲಿಜ್ ಬೇಡ ಅಂದರೂ ಕೇಳದೆ ಒಂದು ಕಾನೂನು ಮಾಡಿತು. ದೇಶದೊಳಗೆ ದುಡಿದ ದಿನಕ್ಕೆ ಒಂದು ಡಾಲರ್, ಹೊರದೇಶದಲ್ಲಿ ದುಡಿದ ದಿನಕ್ಕೆ ಒಂದೂಕಾಲು ಡಾಲರ್. ಆದರೆ ದುಡ್ಡು ಕೈಗೆ ಬರೋದು 1945ರಲ್ಲಿ! ಇಪ್ಪತ್ತೊಂದು ವರ್ಷ ಕಾಯಬೇಕು. ಸೈನಿಕರು ಇದಕ್ಕೆ 'ಗೋರಿಕಲ್ಲಿನ ಬೋನಸ್ಸು' ಅಂತ ಹೆಸರಿಟ್ಟರು, ಸತ್ತ ಮೇಲೆ ಸಿಗೋದು ಅಂತ.

ಅಷ್ಟರಲ್ಲಿ 1929 ಬಂತು. ಶೇರುಪೇಟೆ ಬಿತ್ತು, ಬ್ಯಾಂಕುಗಳು ಮುಳುಗಿದವು, ಕೆಲಸಗಳು ಹೋದವು. ಕೈಯಲ್ಲಿ ಸರ್ಕಾರದ ಪತ್ರ ಇದೆ, ಮನೆಯಲ್ಲಿ ಹಿಟ್ಟಿಲ್ಲ. 1932ರ ಬೇಸಿಗೆಯಲ್ಲಿ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಿಂದ ವಾಲ್ಟರ್ ವಾಟರ್ಸ್ ಅನ್ನೋ ಮಾಜಿ ಸಾರ್ಜೆಂಟ್ ಮುಂದಾಳಾಗಿ ಒಂದು ಗುಂಪು ವಾಷಿಂಗ್ಟನ್ ಕಡೆ ಹೊರಟಿತು. ಗೂಡ್ಸ್ ರೈಲು ಹತ್ತಿ, ನಡೆದು, ದಾರಿಯಲ್ಲಿ ಸಿಕ್ಕಿದ ಲಾರಿ ಹತ್ತಿ ಬೇರೆ ಬೇರೆ ಊರುಗಳಿಂದಲೂ ಜನ ಬಂದರು. ಸುಮಾರು 17,000 ಮಾಜಿ ಸೈನಿಕರು, ಹೆಂಡತಿ ಮಕ್ಕಳು ಬೆಂಬಲಿಗರು ಎಲ್ಲ ಸೇರಿ ನಲವತ್ತು ಸಾವಿರದ ಮೇಲೆ. ಅನಕೋಸ್ಟಿಯಾ ನದಿ ದಂಡೆಯ ಬಯಲಿನಲ್ಲಿ ತಗಡು, ರಟ್ಟು, ಹಳೇ ಹಲಗೆ ಹೊಂದಿಸಿ ಗುಡಿಸಲು ಹಾಕಿಕೊಂಡರು. ಬಿಳಿಯ ಸೈನಿಕರು ಮತ್ತು ಕಪ್ಪು ಸೈನಿಕರು ಆ ಬಯಲಿನಲ್ಲಿ ಒಟ್ಟಿಗೇ ಇದ್ದರು. ಸೈನ್ಯದಲ್ಲಿ ಅವರನ್ನು ಬೇರೆ ಬೇರೆ ಇಟ್ಟಿದ್ದ ಕಾಲ ಅದು, ಗಮನಿಸಿ.

ಬೋನಸ್ಸನ್ನು ಈಗಲೇ ಕೊಡೋ ಮಸೂದೆ ಕೆಳಮನೆಯಲ್ಲಿ ಪಾಸಾಯಿತು, ಎರಡೇ ದಿನಕ್ಕೆ ಸೆನೆಟ್ಟಿನಲ್ಲಿ ಬಿತ್ತು. ಹೋಗೋಕೆ ಜಾಗ ಇಲ್ಲದ ಸಾವಿರಾರು ಜನ ಅಲ್ಲೇ ಉಳಿದರು. ಜುಲೈ 28ರಂದು ಪೊಲೀಸರ ಜೊತೆ ಜಗಳವಾಗಿ ಗುಂಡು ಹಾರಿತು, ಇಬ್ಬರು ಮಾಜಿ ಸೈನಿಕರು ಪ್ರಾಣ ಕಳೆದುಕೊಂಡರು. ಅದೇ ದಿನ ಅಧ್ಯಕ್ಷ ಹೂವರ್ ಸೈನ್ಯ ಕರೆಸಿದರು. ಮುಂದೆ ನಿಂತವರು ಜನರಲ್ ಡಗ್ಲಸ್ ಮೆಕಾರ್ಥರ್. ಕುದುರೆ ದಳದಲ್ಲಿ ಜಾರ್ಜ್ ಪ್ಯಾಟನ್. ಮೆಕಾರ್ಥರ್ ಜೊತೆಗಿದ್ದ ಅಧಿಕಾರಿ ಐಸೆನ್‌ಹೋವರ್. ಮುಂದೆ ಎರಡನೇ ಮಹಾಯುದ್ಧದ ಪಾಠದಲ್ಲಿ ನಾವೆಲ್ಲ ಓದೋ ಹೆಸರುಗಳು! ಟ್ಯಾಂಕು, ಕುದುರೆ, ಅಶ್ರುವಾಯು ತಂದು ತಮ್ಮದೇ ಹಳೆಯ ಸೈನಿಕರನ್ನು ಓಡಿಸಿದರು. ಗುಡಿಸಲುಗಳಿಗೆ ಬೆಂಕಿ ಬಿತ್ತು. ಆ ಉರಿಯ ಹಿಂದೆ ಕಾಣೋ ಸಂಸತ್ ಭವನದ ಫೋಟೋ ಈಗಲೂ ಸಿಗುತ್ತೆ, ನೋಡಿ.

ಆ ವರ್ಷದ ಚುನಾವಣೆಯಲ್ಲಿ ಹೂವರ್ ಸೋತರು. 1936ರಲ್ಲಿ ಕಾಂಗ್ರೆಸ್ಸು ಬೋನಸ್ಸನ್ನು ಕೊಟ್ಟೇ ಕೊಟ್ಟಿತು, ಅದೂ ರೂಸ್‌ವೆಲ್ಟ್ ಅವರ ತಡೆಯನ್ನು ಮೀರಿ. ಹೌದು, ಮುಂದೆ ಜಿಐ ಬಿಲ್ಲಿಗೆ ಸಹಿ ಹಾಕಿದ ಅದೇ ರೂಸ್‌ವೆಲ್ಟ್.

* * *

ಈಗ 1943ಕ್ಕೆ ಬನ್ನಿ. ಈ ಸಲ ಸಮವಸ್ತ್ರ ಹಾಕಿದವರು ಸುಮಾರು 1.6 ಕೋಟಿ ಜನ. ಯುದ್ಧ ಮುಗಿದ ದಿನ ಇವರೆಲ್ಲ ಒಟ್ಟಿಗೇ ಮನೆಗೆ ಬರ್ತಾರೆ. ಅದೇ ದಿನ ಬಾಂಬು, ವಿಮಾನ, ಟ್ಯಾಂಕು ಮಾಡ್ತಿದ್ದ ಕಾರ್ಖಾನೆಗಳ ಕೆಲಸವೂ ನಿಲ್ಲುತ್ತೆ. ಹದಿನೇಳು ಸಾವಿರ ಜನ ರಾಜಧಾನಿಯನ್ನು ನಡುಗಿಸಿದ್ದರು. ಕೋಟಿಗಟ್ಟಲೆ ಜನ ಕೆಲಸವಿಲ್ಲದೆ, ಬಂದೂಕು ಹಿಡಿಯೋದು ಕಲಿತು ಬಂದರೆ? ಈ ಪ್ರಶ್ನೆ ವಾಷಿಂಗ್ಟನ್ನಿನಲ್ಲಿ ಎಲ್ಲರ ತಲೆಯಲ್ಲೂ ಇತ್ತು.

ಸರ್ಕಾರದ ಸಮಿತಿ ಕೊಟ್ಟ ಸಲಹೆ ಸಣ್ಣದು. ಸೈನಿಕರಿಗೆ ಒಂದು ವರ್ಷದ ತರಬೇತಿ, ಅದರಲ್ಲಿ ಆಯ್ದ ಕೆಲವರಿಗೆ ಮಾತ್ರ ಹೆಚ್ಚಿನ ಓದು. ಇದನ್ನು ದೊಡ್ಡದು ಮಾಡಿದ್ದು ಅಮೆರಿಕನ್ ಲೀಜನ್ ಅನ್ನೋ ಮಾಜಿ ಸೈನಿಕರ ಸಂಘ. ಕಾನ್ಸಸ್ ರಾಜ್ಯದ ಟೊಪೀಕಾ ಊರಿನ ವಕೀಲ ಹ್ಯಾರಿ ಕಾಲ್ಮೆರಿ, ಲೀಜನ್ನಿನ ಹಿಂದಿನ ಅಧ್ಯಕ್ಷ, ವಾಷಿಂಗ್ಟನ್ನಿನ ಮೇಫ್ಲವರ್ ಹೋಟೆಲಿನಲ್ಲಿ ರೂಮು ಮಾಡಿ ಕೂತು, ಹೋಟೆಲಿನ ಕಾಗದದ ಮೇಲೆಯೇ ಕೈಬರಹದಲ್ಲಿ ಮಸೂದೆಯ ಕರಡು ಬರೆದರು. 1943ರ ಡಿಸೆಂಬರಿನಿಂದ 1944ರ ಜನವರಿವರೆಗೆ ನಡೆದ ಕೆಲಸ. ಕಾಲ್ಮೆರಿ ಸ್ವತಃ ಮೊದಲ ಮಹಾಯುದ್ಧದಲ್ಲಿ ಇದ್ದವರು. ಹಿಂದಿನ ಸಲ ಏನಾಯಿತು ಅನ್ನೋದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೆ ಪಾಸಾಗೋದು ಅಷ್ಟು ಸುಲಭ ಇರಲಿಲ್ಲ. ಕೆಳಮನೆಯ ಸಮಿತಿಯ ಅಧ್ಯಕ್ಷ ಮಿಸಿಸಿಪ್ಪಿಯ ಜಾನ್ ರ‍್ಯಾಂಕಿನ್, ವರ್ಣಭೇದವನ್ನು ಬಹಿರಂಗವಾಗಿಯೇ ಬೆಂಬಲಿಸುತ್ತಿದ್ದ ಮನುಷ್ಯ. ಮಸೂದೆಯಲ್ಲಿ ಕೆಲಸ ಸಿಗುವವರೆಗೆ ವಾರಕ್ಕೆ 20 ಡಾಲರಿನಂತೆ 52 ವಾರ ಭತ್ಯೆ ಕೊಡೋ ಅಂಶ ಇತ್ತು. ಅದು ಕಪ್ಪು ಸೈನಿಕನಿಗೂ ಅಷ್ಟೇ ಸಿಗುತ್ತೆ ಅನ್ನೋದೇ ಅವರ ಸಂಕಟ. ಅಷ್ಟು ದುಡ್ಡು ಬಂದರೆ ದಕ್ಷಿಣದ ಹತ್ತಿ ಹೊಲಗಳಲ್ಲಿ ಪುಡಿಗಾಸಿಗೆ ದುಡಿಯೋಕೆ ಯಾರು ಬರ್ತಾರೆ?

ಎರಡೂ ಮನೆಗಳ ಜಂಟಿ ಸಮಿತಿಯಲ್ಲಿ ಕೆಳಮನೆಯವರ ಮತ ಮೂರು-ಮೂರಾಗಿ ಸಿಕ್ಕಿಹಾಕಿಕೊಂಡಿತು. ಏಳನೆಯವರು ಜಾರ್ಜಿಯಾದ ಜಾನ್ ಗಿಬ್ಸನ್, ಹುಷಾರಿಲ್ಲದೆ ಊರಿಗೆ ಹೋಗಿದ್ದರು. ಅವರು ತಮ್ಮ ಮತ ಹಾಕೋ ಅಧಿಕಾರವನ್ನು ರ‍್ಯಾಂಕಿನ್ ಕೈಗೆ ಕೊಟ್ಟಿದ್ದರು, ರ‍್ಯಾಂಕಿನ್ ಅದನ್ನು ಮಸೂದೆಯ ಪರ ಬಳಸೋಕೆ ಒಪ್ಪಲಿಲ್ಲ. ಲೀಜನ್ನಿನವರು ರಾತ್ರೋರಾತ್ರಿ ಫೋನು, ರೇಡಿಯೋ, ಪೊಲೀಸರು ಎಲ್ಲ ಕಡೆಯಿಂದ ಹುಡುಕಿಸಿ ಗಿಬ್ಸನ್‌ರನ್ನು ಹಿಡಿದರು. ಕಾರಿನಲ್ಲಿ ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ಗೆ, ಅಲ್ಲಿಂದ ವಿಮಾನದಲ್ಲಿ ವಾಷಿಂಗ್ಟನ್ನಿಗೆ. ಜೂನ್ 10ರ ಬೆಳಗ್ಗೆ ಬಂದು ಮತ ಹಾಕಿದರು, ಗಂಟು ಬಿಚ್ಚಿತು. ಒಬ್ಬರು ರಾತ್ರಿ ಫೋನ್ ಎತ್ತದೇ ಇದ್ದಿದ್ದರೆ ಏನಾಗ್ತಿತ್ತು ಅಂತ ಯೋಚಿಸಿದರೆ ಈಗಲೂ ಎದೆ ಢವಢವ ಅನ್ನುತ್ತೆ.

ಸರಿ, ಕೊನೆಗೆ ಕಾನೂನು ಕೊಟ್ಟಿದ್ದೇನು? ಓದಿನ ಭಾಗ ಇಷ್ಟು. 90 ದಿನಕ್ಕಿಂತ ಹೆಚ್ಚು ಸೇವೆ ಮಾಡಿ, ಅಗೌರವದ ಬಿಡುಗಡೆ ಅಲ್ಲದೆ ಹೊರಬಂದವರಿಗೆ ಕನಿಷ್ಠ ಒಂದು ವರ್ಷದ ಓದು. ಅದರ ಮೇಲೆ ಎಷ್ಟು ತಿಂಗಳು ಸೇವೆಯೋ ಅಷ್ಟು ತಿಂಗಳು ಓದು, ಒಟ್ಟು 48 ತಿಂಗಳ ಮಿತಿ. ಕಾಲೇಜಿನ ಫೀಸು, ಪುಸ್ತಕ ಸೇರಿ ವರ್ಷಕ್ಕೆ 500 ಡಾಲರಿನವರೆಗೆ ನೇರ ಕಾಲೇಜಿಗೆ. ಹಾರ್ವರ್ಡಿನಂಥ ಕಡೆಯೂ ಆಗಿನ ವರ್ಷದ ಫೀಸು ಇದರೊಳಗೇ ಬರ್ತಿತ್ತು. ಊಟ ವಸತಿಗೆ ತಿಂಗಳಿಗೆ 50 ಡಾಲರ್, ಸಂಸಾರ ಇದ್ದರೆ 75. ಈ ಭತ್ಯೆ ಆಮೇಲೆ ಏರಿತು.

ನಮ್ಮಲ್ಲಿ ಸಿಇಟಿ ಅರ್ಜಿ ತುಂಬಿದವರಿಗೆ ಮಾಜಿ ಸೈನಿಕರ ಮಕ್ಕಳ ಕೋಟಾ ಗೊತ್ತಿರುತ್ತೆ. ಅದು ಮಕ್ಕಳಿಗೆ ಸೀಟಿನ ಮೀಸಲಾತಿ. ಇದು ಹಾಗಲ್ಲ. ಓದುವವನು ಸೈನಿಕನೇ, ಸೀಟು ಕೊಡೋದು ಬಿಡೋದು ಕಾಲೇಜಿಗೆ ಬಿಟ್ಟಿದ್ದು, ಖರ್ಚು ಮಾತ್ರ ಸರ್ಕಾರದ್ದು. ನೀನು ಬಡವನಾ, ಆದಾಯ ಎಷ್ಟು ಅಂತ ಯಾರೂ ಕೇಳೋ ಹಾಗಿರಲಿಲ್ಲ. ಯಾವ ಊರು, ಯಾವ ಕಾಲೇಜು, ಯಾವ ವಿಷಯ ಅನ್ನೋ ಆಯ್ಕೆ ಓದುವವನದೇ.

* * *

ದೊಡ್ಡ ವಿಶ್ವವಿದ್ಯಾಲಯಗಳ ದೊಡ್ಡವರಿಗೆ ಇದು ಹಿಡಿಸಲಿಲ್ಲ. ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ಹಚಿನ್ಸ್ 1944ರ ಡಿಸೆಂಬರಿನಲ್ಲಿ ಕಾಲಿಯರ್ಸ್ ಪತ್ರಿಕೆಯಲ್ಲಿ ಲೇಖನ ಬರೆದು, ಕಾಲೇಜುಗಳು ಅಲೆಮಾರಿಗಳ ಬಿಡಾರ ಆಗಿಬಿಡ್ತವೆ ಅಂತ ಎಚ್ಚರಿಸಿದರು. ದುಡ್ಡಿನ ಆಸೆಗೆ ಕಾಲೇಜುಗಳು ಯಾರನ್ನು ಬೇಕಾದರೂ ಸೇರಿಸಿಕೊಳ್ಳುತ್ತವೆ ಅನ್ನೋದು ಅವರ ವಾದ. ಹಾರ್ವರ್ಡಿನ ಅಧ್ಯಕ್ಷ ಜೇಮ್ಸ್ ಕೊನಂಟ್ ಅವರಿಗೂ ಯೋಗ್ಯರನ್ನು ಮಾತ್ರ ಆರಿಸದೆ ಎಲ್ಲರಿಗೂ ಕೊಟ್ಟರೆ ಗುಣಮಟ್ಟ ಹಾಳಾಗುತ್ತೆ ಅನ್ನೋ ಭಯ. ಓದುವಾಗ ನನಗೆ ನಮ್ಮ ಆಫೀಸಿನ ಕ್ಯಾಂಟೀನಿನ ಮಾತುಗಳು ನೆನಪಾದವು. ಮೆರಿಟ್ಟು, ಗುಣಮಟ್ಟ, ಬಿಟ್ಟಿ ದುಡ್ಡು... ಊರು ಬೇರೆ, ಕಾಲ ಬೇರೆ, ವಾದ ಮಾತ್ರ ಹೆಚ್ಚು ಬದಲಾಗಿಲ್ಲ.

ಇನ್ನು ಕೆಲವರ ಲೆಕ್ಕ ಉಲ್ಟಾ. ಯಾರೂ ಬರಲ್ಲ ಅಂತ! 1945ರ ಆಗಸ್ಟಿನಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಅನ್ನೋ ದೊಡ್ಡ ಪತ್ರಿಕೆ, ಸೈನಿಕರು ಓದನ್ನು ಬೇಡ ಅಂದಿದ್ದಾರೆ ಅಂತಲೇ ಲೇಖನ ಹಾಕಿತು. ಪಾಪ, ಸ್ವಲ್ಪ ಕಾಯಬೇಕಿತ್ತು. 1947ರ ಹೊತ್ತಿಗೆ ಅಮೆರಿಕದ ಕಾಲೇಜುಗಳಲ್ಲಿದ್ದ ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು, ಶೇಕಡಾ 49 ಜನ, ಮಾಜಿ ಸೈನಿಕರು.

ಇಷ್ಟು ಜನರನ್ನು ಕೂರಿಸೋದೆಲ್ಲಿ, ಮಲಗಿಸೋದೆಲ್ಲಿ? ಸೈನ್ಯ ಬಿಟ್ಟುಹೋದ ಅರ್ಧ ಪೀಪಾಯಿಯಂಥ ತಗಡಿನ ಶೆಡ್ಡುಗಳು ಕ್ಲಾಸ್ ರೂಮಾದವು, ಮನೆಗಳಾದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಸಾರಸ್ಥ ವಿದ್ಯಾರ್ಥಿಗಳು ಸುಮಾರು 35 ಮೈಲಿ ದೂರದ ಮದ್ದಿನ ಕಾರ್ಖಾನೆಯ ವಸತಿಯಲ್ಲಿದ್ದು, ದಿನಾ ಬಸ್ಸಿನಲ್ಲಿ ಕ್ಲಾಸಿಗೆ ಬಂದರು. ಇಲಿನಾಯ್ ವಿಶ್ವವಿದ್ಯಾಲಯ 1946ರಲ್ಲಿ ಶಿಕಾಗೋದ ನೇವಿ ಪಿಯರ್ ಅನ್ನೋ ಹಡಗುಕಟ್ಟೆಯ ಮೇಲೆಯೇ ಒಂದು ಕ್ಯಾಂಪಸ್ ತೆರೆಯಿತು. ಸ್ಟ್ಯಾನ್‌ಫರ್ಡಿನವರು ಮೆನ್ಲೋ ಪಾರ್ಕಿನಲ್ಲಿದ್ದ ಸೈನ್ಯದ ಆಸ್ಪತ್ರೆಯನ್ನು ವಿದ್ಯಾರ್ಥಿಗಳ ವಸತಿ ಮಾಡಿಕೊಂಡರು. ಕಾಲೇಜಿನ ಅಂಗಳದಲ್ಲಿ ಮಗುವಿನ ಬಟ್ಟೆ ಒಣಗಿಹಾಕಿರೋದು ಅಲ್ಲಿಯ ಹಳೆಯ ಪ್ರೊಫೆಸರುಗಳು ಹಿಂದೆಂದೂ ನೋಡದ ದೃಶ್ಯ.

ಫಸ್ಟ್ ಇಯರಿನವರು ಪುಟ್ಟ ಟೋಪಿ ಹಾಕಬೇಕು, ಸೀನಿಯರಿಗೆ ತಲೆಬಾಗಬೇಕು ಅನ್ನೋ ಪದ್ಧತಿ ಅಲ್ಲೂ ಇತ್ತು, ನಮ್ಮ ರ‍್ಯಾಗಿಂಗಿನ ಸೋದರ. ಜರ್ಮನಿಯವರೆಗೆ ಹೋಗಿ ಬಂದವನನ್ನು ಹತ್ತೊಂಬತ್ತರ ಹುಡುಗ ಟೋಪಿ ಹಾಕು ಅಂದರೆ ಕೇಳ್ತಾನಾ? ಬಹಳಷ್ಟು ಕಡೆ ಆ ಪದ್ಧತಿಯೇ ಸಡಿಲವಾಯಿತು. ಓದಿನಲ್ಲಂತೂ ಅವರು ಕಿತ್ತಾಡಿ ಓದಿದರು. ಯುದ್ಧದಲ್ಲಿ ಕಳೆದ ವರ್ಷಗಳನ್ನು ವಾಪಸ್ ಪಡೆಯೋ ಹಟ. ಕ್ಲಾಸಿನ ಸರಾಸರಿ ಮಾರ್ಕ್ಸ್ ಏರಿಸಿ ನಮ್ಮನ್ನು ಹಾಳು ಮಾಡ್ತಿದ್ದಾರೆ ಅಂತ ಕಿರಿಯ ಹುಡುಗರು ಗೊಣಗಿದರಂತೆ. ರಿಲೇಟಿವ್ ಗ್ರೇಡಿಂಗಿನಲ್ಲಿ ಓದಿದವರಿಗೆ ಈ ಸಂಕಟ ಅರ್ಥವಾದೀತು :-) ಹಾರ್ವರ್ಡಿನ ಕೊನಂಟ್ ತಮ್ಮ ಅಭಿಪ್ರಾಯ ಬದಲಿಸಿ, ಇಷ್ಟು ಪ್ರಬುದ್ಧ ವಿದ್ಯಾರ್ಥಿಗಳನ್ನು ಹಾರ್ವರ್ಡ್ ನೋಡಿಯೇ ಇರಲಿಲ್ಲ ಅನ್ನೋ ಅರ್ಥದ ಮಾತಾಡಿದರು. ತಪ್ಪಾಯಿತು ಅಂತ ಒಪ್ಪಿಕೊಳ್ಳೋದಕ್ಕೂ ದೊಡ್ಡ ಮನಸ್ಸು ಬೇಕು.

ಒಟ್ಟು ಲೆಕ್ಕ ನೋಡಿ. 1956ರಲ್ಲಿ ಈ ಮೊದಲ ಕಾನೂನಿನ ಅವಧಿ ಮುಗಿಯೋ ಹೊತ್ತಿಗೆ ಸುಮಾರು 78 ಲಕ್ಷ ಜನ ಇದರಿಂದ ಓದು ಅಥವಾ ತರಬೇತಿ ಪಡೆದಿದ್ದರು. ಅದರಲ್ಲಿ ಕಾಲೇಜಿಗೆ ಹೋದವರು ಸುಮಾರು 22 ಲಕ್ಷ. ಉಳಿದವರು ಕಸುಬಿನ ಶಾಲೆ, ಕಾರ್ಖಾನೆಯಲ್ಲಿ ಕೆಲಸ ಕಲಿಯೋದು, ಬೇಸಾಯದ ತರಬೇತಿ. ಓದು, ತರಬೇತಿಗೆ ಆದ ಖರ್ಚು 14.5 ಬಿಲಿಯನ್ ಡಾಲರ್. ಇಂಜಿನಿಯರ್ ಆದವರೇ ನಾಲ್ಕೂವರೆ ಲಕ್ಷ ಅನ್ನೋದು ಸಾಮಾನ್ಯವಾಗಿ ಕೊಡೋ ಲೆಕ್ಕ. ಎಲ್ಲರೂ ಹೆದರಿದ್ದ ಆ 52 ವಾರದ ಭತ್ಯೆ? ಅದಕ್ಕೆ ಇಟ್ಟಿದ್ದ ದುಡ್ಡಿನಲ್ಲಿ ಖರ್ಚಾದದ್ದು ಐದರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಸೋಮಾರಿಗಳಾಗ್ತಾರೆ ಅಂದಿದ್ದವರಿಗೆ ಇದಕ್ಕಿಂತ ಉತ್ತರ ಬೇಕೇ?

ಇಂಜಿನಿಯರ್ ಅಂದ ಕೂಡಲೇ ಒಬ್ಬರ ವಿಷಯ ಹೇಳಲೇಬೇಕು. ಜ್ಯಾಕ್ ಕಿಲ್ಬಿ ಅಂತ ಒಬ್ಬ ಹುಡುಗ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸೇರಿದ ಕೆಲವೇ ತಿಂಗಳಲ್ಲಿ ಪರ್ಲ್ ಹಾರ್ಬರ್ ದಾಳಿ ಆಯಿತು. ಸೈನ್ಯಕ್ಕೆ ಹೋದ. ಅವನನ್ನು ಕಳಿಸಿದ್ದು ಎಲ್ಲಿಗೆ ಗೊತ್ತಾ? ನಮ್ಮ ಈಶಾನ್ಯ ಭಾರತದ ಒಂದು ಟೀ ತೋಟದಲ್ಲಿದ್ದ ಠಾಣೆಗೆ, ರೇಡಿಯೋ ರಿಪೇರಿ ಕೆಲಸಕ್ಕೆ! ಯುದ್ಧ ಮುಗಿದ ಮೇಲೆ, ಹೀಗೆ ಮರಳಿದ ಸೈನಿಕರಿಂದ ಕಿಕ್ಕಿರಿದಿದ್ದ ಅದೇ ವಿಶ್ವವಿದ್ಯಾಲಯಕ್ಕೆ ವಾಪಸ್ ಹೋಗಿ 1947ರಲ್ಲಿ ಪದವಿ ಮುಗಿಸಿದ. 1958ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ಕೂತು ಇಂಟಿಗ್ರೇಟೆಡ್ ಸರ್ಕ್ಯೂಟ್ ಮಾಡಿ ತೋರಿಸಿದ್ದು ಇವನೇ. 2000ದಲ್ಲಿ ನೊಬೆಲ್ ಬಂತು. ಆ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದು, ಸ್ಯಾಟಲೈಟ್ ಲಿಂಕ್ ಹಾಕಿಕೊಂಡು ಕೆಲಸ ಶುರು ಮಾಡಿದ ಮೇಲೆ ಏನಾಯಿತು ಅನ್ನೋದಕ್ಕೆ ನಾನು, ನೀವು, ಔಟರ್ ರಿಂಗ್ ರೋಡಿನ ಟ್ರಾಫಿಕ್ಕು ಎಲ್ಲರೂ ಸಾಕ್ಷಿ.

* * *

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಚೆಂದದ ಕಥೆ. ಮೊದಲ ಮೂರು ದಿನ ನಾನೂ ಇಷ್ಟೇ ಓದಿ ಖುಷಿಯಾಗಿದ್ದೆ. ಆಮೇಲೆ ಓದಿದ್ದು ಅಷ್ಟು ಖುಷಿಯದಲ್ಲ.

ಕಾನೂನಿನಲ್ಲಿ ಬಣ್ಣದ ಬಗ್ಗೆ ಒಂದು ಮಾತೂ ಇರಲಿಲ್ಲ. ಬಿಳಿಯನಿಗೆಷ್ಟೋ ಕಪ್ಪು ಸೈನಿಕನಿಗೂ ಅಷ್ಟೇ. ಆದರೆ ಅದನ್ನು ಜಾರಿ ಮಾಡೋ ಕೆಲಸದ ದೊಡ್ಡ ಪಾಲು ರಾಜ್ಯಗಳ ಮತ್ತು ಸ್ಥಳೀಯ ಕಚೇರಿಗಳ ಕೈಯಲ್ಲಿ ಉಳಿಯೋ ಹಾಗೆ ರ‍್ಯಾಂಕಿನ್‌ರಂಥ ದಕ್ಷಿಣದ ಪ್ರತಿನಿಧಿಗಳು ನೋಡಿಕೊಂಡಿದ್ದರು. ಕೌಂಟರಿನ ಆ ಕಡೆ ಕೂತಿದ್ದವರು ಬಹುತೇಕ ಬಿಳಿಯರು. ಸೈನ್ಯದಲ್ಲಿ ಲಾರಿ ಓಡಿಸೋದು, ರೇಡಿಯೋ ರಿಪೇರಿ ಮಾಡೋದು ಕಲಿತು ಬಂದವನಿಗೂ ಅಲ್ಲಿ ಸಿಕ್ಕಿದ್ದು ಕೂಲಿ ಕೆಲಸದ ಚೀಟಿ. ಕಾಲೇಜಿಗೆ ಹೋಗ್ತೀನಿ ಅಂದರೆ ದಕ್ಷಿಣದ ರಾಜ್ಯ ವಿಶ್ವವಿದ್ಯಾಲಯಗಳ ಬಾಗಿಲು ಅವನಿಗೆ ಮುಚ್ಚಿತ್ತು. ಕಪ್ಪು ಜನರಿಗಾಗಿಯೇ ಇದ್ದ ಕಾಲೇಜುಗಳು ಕೆಲವು, ಸಣ್ಣವು, ದುಡ್ಡಿಲ್ಲದವು. ಜಾಗ ಇಲ್ಲ ಅಂತ ಅವು ಸಾವಿರಾರು ಜನರನ್ನು ವಾಪಸ್ ಕಳಿಸಬೇಕಾಯಿತು. ಕೈಯಲ್ಲಿ ಅರ್ಹತಾ ಪತ್ರ ಇದೆ, ಸರ್ಕಾರ ಫೀಸು ಕಟ್ಟೋಕೆ ತಯಾರಿದೆ, ಕೂರೋಕೆ ಬೆಂಚಿಲ್ಲ.

ಇದೇ ಕಾನೂನಿನಲ್ಲಿ ಮನೆ, ಅಂಗಡಿ, ಹೊಲಕ್ಕೆ ಸರ್ಕಾರದ ಖಾತರಿಯ ಸಾಲವೂ ಇತ್ತು, ಆದರೆ ಕೊಡಬೇಕಾದ್ದು ಊರಿನ ಬ್ಯಾಂಕು. 1947ರಲ್ಲಿ ಮಿಸಿಸಿಪ್ಪಿಯ 13 ಊರುಗಳಲ್ಲಿ ನಡೆದ ಒಂದು ಸಮೀಕ್ಷೆಯ ಪ್ರಕಾರ ಅಂಥ 3,229 ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು. ಎರಡು ಸಾವಿರ ಅಲ್ಲ, ಎರಡು ನೂರು ಅಲ್ಲ. ಎರಡು.

ಸಾರಾ ಟರ್ನರ್ ಮತ್ತು ಜಾನ್ ಬೌಂಡ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಜನಗಣತಿಯ ಅಂಕಿಅಂಶ ಇಟ್ಟುಕೊಂಡು ಇದನ್ನು ಅಳೆದಿದ್ದಾರೆ. ದಕ್ಷಿಣದಿಂದ ಹೊರಗೆ ಹುಟ್ಟಿದ ಕಪ್ಪು ಸೈನಿಕರ ಓದು ಬಿಳಿಯರಷ್ಟೇ ಮುಂದೆ ಹೋಯಿತು. ದಕ್ಷಿಣದಲ್ಲಿ ಹುಟ್ಟಿದವರಿಗೆ ಸಿಕ್ಕ ಲಾಭ ಬಹಳ ಕಡಿಮೆ. ಅದೇ ಯುದ್ಧ, ಅದೇ ಕಾನೂನು, ಅದೇ ಮೊತ್ತ. ವ್ಯತ್ಯಾಸ ಮಾಡಿದ್ದು ಎಲ್ಲಿ ಹುಟ್ಟಿದ ಅನ್ನೋದು.

ಇಲ್ಲಿ ಇನ್ನೊಬ್ಬ ಸೈನಿಕನ ಹೆಸರು ಹೇಳ್ತೀನಿ. ಜೇಮ್ಸ್ ಮೆರಿಡಿತ್, ವಾಯುಸೇನೆಯಲ್ಲಿ ಒಂಬತ್ತು ವರ್ಷ ಸೇವೆ ಮಾಡಿ ಬಂದ ಕಪ್ಪು ವ್ಯಕ್ತಿ. 1962ರಲ್ಲಿ ತನ್ನದೇ ರಾಜ್ಯದ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಸೇರೋಕೆ ನ್ಯಾಯಾಲಯದ ಆದೇಶ ತಂದ. ಗಲಭೆಯಾಗಿ ಇಬ್ಬರು ಸತ್ತರು. ಅಧ್ಯಕ್ಷ ಕೆನಡಿ ಸಾವಿರಾರು ಸೈನಿಕರನ್ನು ಕಳಿಸಿದ ಮೇಲೆ ಅಕ್ಟೋಬರ್ 1ರಂದು ಅವನ ಹೆಸರು ದಾಖಲಾಯಿತು. ಸೈನಿಕನೊಬ್ಬ ಕಾಲೇಜಿಗೆ ಸೇರೋಕೆ ಸೈನ್ಯವೇ ಬರಬೇಕಾಯಿತು.

ಹೆಂಗಸರದ್ದೂ ಸ್ವಲ್ಪ ಇದೇ ಕಥೆ. ಸೈನ್ಯದ ಮಹಿಳಾ ದಳಗಳಲ್ಲಿದ್ದವರಿಗೆ ಕಾನೂನು ಅನ್ವಯಿಸಿತು. ಆದರೆ ಯುದ್ಧವಿಮಾನಗಳನ್ನು ಕಾರ್ಖಾನೆಯಿಂದ ಸೈನ್ಯದ ನೆಲೆಗಳಿಗೆ ಹಾರಿಸಿಕೊಂಡು ಹೋದ ಸಾವಿರಕ್ಕೂ ಹೆಚ್ಚು ಮಹಿಳಾ ಪೈಲಟ್‌ಗಳನ್ನು ಸೈನಿಕರು ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರಲ್ಲಿ 38 ಜನ ಸೇವೆಯಲ್ಲೇ ತೀರಿಕೊಂಡಿದ್ದರು. ಮಾಜಿ ಸೈನಿಕರು ಅನ್ನೋ ಮಾನ್ಯತೆ ಅವರಿಗೆ ಸಿಕ್ಕಿದ್ದು 1977ರಲ್ಲಿ. ಅಷ್ಟು ಹೊತ್ತಿಗೆ ಯಾವ ಕಾಲೇಜು, ಯಾವ ಓದು?

ದುಡ್ಡು ಇದ್ದ ಕಡೆ ಇರುವೆ ಬಂದೇ ಬರುತ್ತೆ. ಹೆಸರಿಗೊಂದು ಬೋರ್ಡು ಹಾಕಿ ಸೈನಿಕರ ಫೀಸು ನುಂಗೋ ಖಾಸಗಿ ಶಾಲೆಗಳು ಎಲ್ಲೆಡೆ ಎದ್ದವು. ಕಾಂಗ್ರೆಸ್ಸು ತನಿಖೆ ಮಾಡಿಸಿತು. ಅದಕ್ಕೇ 1952ರಲ್ಲಿ ಕೊರಿಯಾ ಯುದ್ಧದವರಿಗಾಗಿ ಮಾಡಿದ ಕಾನೂನಿನಲ್ಲಿ ಕಾಲೇಜಿಗೆ ನೇರ ದುಡ್ಡು ಕೊಡೋದು ನಿಲ್ಲಿಸಿ, ಎಲ್ಲ ಖರ್ಚಿಗೂ ಸೇರಿಸಿ ತಿಂಗಳಿಗೆ 110 ಡಾಲರ್ ಸೈನಿಕನ ಕೈಗೇ ಕೊಟ್ಟರು. ಕಳ್ಳತನ ಕಡಿಮೆಯಾಯಿತು, ಆದರೆ ದುಬಾರಿ ಕಾಲೇಜು ಅಷ್ಟರಲ್ಲಿ ಕೈಗೆಟುಕದಂತಾಯಿತು. 1966ರಲ್ಲಿ ವಿಯೆಟ್ನಾಂ ಕಾಲದ ಕಾನೂನು ಶುರುವಾದದ್ದು ತಿಂಗಳಿಗೆ 100 ಡಾಲರಿನಿಂದ. 1984ರ ಕಾನೂನಿನಲ್ಲಂತೂ ಸೈನಿಕ ತಾನೇ ಮೊದಲ ವರ್ಷ ತಿಂಗಳಿಗೆ 100 ಡಾಲರ್ ಸಂಬಳದಿಂದ ಬಿಟ್ಟುಕೊಡಬೇಕಿತ್ತು.

2008ರಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದ್ದ ಸೆನೆಟರ್ ಜಿಮ್ ವೆಬ್ ಮತ್ತೆ 1944ರ ಮಟ್ಟಕ್ಕೆ ತರೋ ಮಸೂದೆ ತಂದರು. ಇಷ್ಟು ಒಳ್ಳೆಯ ಸೌಲಭ್ಯ ಕೊಟ್ಟರೆ ಎಲ್ಲರೂ ಸೈನ್ಯ ಬಿಟ್ಟು ಕಾಲೇಜಿಗೆ ಹೋಗ್ತಾರೆ ಅನ್ನೋದು ಆಗ ರಕ್ಷಣಾ ಇಲಾಖೆಯ ಆತಂಕ! ಆದರೂ ಪಾಸಾಯಿತು, 2009ರ ಆಗಸ್ಟಿನಿಂದ ಜಾರಿಯಾಯಿತು. ನನ್ನ ಸಹೋದ್ಯೋಗಿ ಓದಿದ್ದು ಇದರಲ್ಲೇ. ಮೂರು ವರ್ಷ ಸಕ್ರಿಯ ಸೇವೆ ಮಾಡಿದವರಿಗೆ ರಾಜ್ಯ ಸರ್ಕಾರಿ ವಿಶ್ವವಿದ್ಯಾಲಯದ ಆ ರಾಜ್ಯದವರ ಪೂರ್ತಿ ಫೀಸು, 36 ತಿಂಗಳವರೆಗೆ. ಜೊತೆಗೆ ಮನೆ ಬಾಡಿಗೆ ಭತ್ಯೆ, ಪುಸ್ತಕಕ್ಕೆ ವರ್ಷಕ್ಕೆ 1,000 ಡಾಲರಿನವರೆಗೆ. ಫೀಸು ನೇರ ಕಾಲೇಜಿಗೆ, ಬಾಡಿಗೆ ವಿದ್ಯಾರ್ಥಿಗೆ. ಇವನು ಇಂತಿಷ್ಟು ಕ್ಲಾಸಿಗೆ ಸೇರಿದ್ದಾನೆ ಅಂತ ಪ್ರತಿ ಸೆಮಿಸ್ಟರಿಗೂ ಸರ್ಕಾರಕ್ಕೆ ದೃಢೀಕರಿಸೋಕೆ ಪ್ರತಿ ಕಾಲೇಜಿನಲ್ಲೂ ಒಬ್ಬ ಅಧಿಕಾರಿ ಇರ್ತಾರೆ. "ಆ ಒಬ್ಬರು ಸರಿಯಾಗಿದ್ದರೆ ನಿನ್ನ ಬಾಡಿಗೆ ಸಮಯಕ್ಕೆ ಬರುತ್ತೆ, ಇಲ್ಲದಿದ್ದರೆ ಇಲ್ಲ" ಅಂದರು ನನ್ನ ಸಹೋದ್ಯೋಗಿ, ನಾನು ಮತ್ತೆ ಕೇಳಿದಾಗ. 2017ರಲ್ಲಿ ಇನ್ನೊಂದು ತಿದ್ದುಪಡಿ ಬಂದು, 2013ರ ನಂತರ ಸೈನ್ಯ ಬಿಟ್ಟವರಿಗೆ ಇದ್ದ 15 ವರ್ಷದ ಗಡುವು ತೆಗೆದುಹಾಕಿತು. ಆ ಕಾನೂನಿಗೆ ಇಟ್ಟ ಹೆಸರು ಹ್ಯಾರಿ ಕಾಲ್ಮೆರಿಯವರದ್ದು. ಹೋಟೆಲಿನ ಕಾಗದದ ಮೇಲೆ ಬರೆದಿದ್ದರಲ್ಲ, ಅವರೇ.

* * *

ಇಷ್ಟೆಲ್ಲ ಓದಿ ನನಗೆ ಉಳಿದದ್ದು ಎರಡು ಮಾತು.

ಒಂದು, ಯಾರಿಗೆ ಓದೋ ಯೋಗ್ಯತೆ ಇದೆ ಅಂತ ಮೊದಲೇ ತೀರ್ಮಾನಿಸೋದು ನಮ್ಮಂಥವರ ದೊಡ್ಡ ಚಟ. ಹಚಿನ್ಸ್, ಕೊನಂಟ್ ದಡ್ಡರಲ್ಲ, ಆ ಕಾಲದ ಮಹಾ ವಿದ್ವಾಂಸರು. ಅವರ ಲೆಕ್ಕವೇ ತಪ್ಪಿತು. ಬಾಗಿಲು ತೆಗೆದ ಮೇಲೆ ಗೊತ್ತಾಯಿತು ಹೊರಗೆ ಯಾರ‍್ಯಾರು ನಿಂತಿದ್ದರು ಅಂತ.

ಎರಡು, ಬಾಗಿಲು ತೆಗೀಬೇಕು ಅಂತ ಕಾನೂನು ಬರೆದರೆ ಬಾಗಿಲು ತೆರೆಯೋದಿಲ್ಲ. ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದನ್ನೂ ಬರೀಬೇಕು. ನಾನು ಇಂಜಿನಿಯರಿಂಗ್ ಓದುವಾಗ ನಮ್ಮ ಕಾಲೇಜಿನ ಆಫೀಸಿನಲ್ಲಿ ಸ್ಕಾಲರ್‌ಶಿಪ್ಪಿನ ಕಿಟಕಿ ಒಂದಿತ್ತು. ನನ್ನ ರೂಮ್‌ಮೇಟ್‌ಗೆ ಸರ್ಕಾರದ ಆದೇಶದ ಪ್ರಕಾರ ಬರಬೇಕಾದ ದುಡ್ಡು. ಜಾತಿ ಪತ್ರ ತಾ, ಆದಾಯ ಪತ್ರ ತಾ, ಸಾಹೇಬರಿಲ್ಲ ನಾಳೆ ಬಾ ಅಂತ ಎರಡು ಸೆಮಿಸ್ಟರ್ ಓಡಾಡಿಸಿದರು. ಆ ದುಡ್ಡು ಬಂದಾಗ ಅವನು ಫೀಸಿಗೆ ಅಂತ ಊರಿನಲ್ಲಿ ಎಮ್ಮೆ ಮಾರಿಸಿ ಆಗಿತ್ತು. ನಾನು ಅವನ ಜೊತೆ ಒಂದೆರಡು ಸಲ ಆ ಕಿಟಕಿಗೆ ಹೋಗಿದ್ದೆ, ಆಮೇಲೆ ನನಗೇ ಬೇಜಾರಾಗಿ ಬಿಟ್ಟೆ. ಬಿಡೋ ಸೌಕರ್ಯ ನನಗಿತ್ತು, ಅವನಿಗಿರಲಿಲ್ಲ. ಮಿಸಿಸಿಪ್ಪಿಯ ಆ ಎರಡು ಸಾಲದ ಲೆಕ್ಕ ಓದಿದಾಗ ನನಗೆ ನೆನಪಾಗಿದ್ದು ಆ ಕಿಟಕಿಯೇ.

ಮುಂದಿನ ಸಲ ಕ್ಯಾಂಟೀನಿನಲ್ಲಿ ಯಾರಾದರೂ "ಸರ್ಕಾರ ಎಲ್ಲ ಕೊಡುತ್ತೆ, ಇವರು ಉಪಯೋಗಿಸಿಕೊಳ್ಳಲ್ಲ" ಅಂದರೆ ನಾನು ಕೇಳೋದು ಒಂದೇ ಪ್ರಶ್ನೆ. ಕಿಟಕಿಯ ಆ ಕಡೆ ಯಾರು ಕೂತಿದ್ದಾರೆ?